ಸೀಟಿಯ ಪಾಠ

ತಪ್ಪೊಪ್ಪಿಕೊಳ್ಳಲು ಕೂತವರು ಸಾಮಾನ್ಯವಾಗಿ ಸಣ್ಣ ತಪ್ಪಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ನನಗೆ ಪಾಠ ಹೇಳುವ ಚಟವಿದೆ. ಮೂವತ್ತು ವರ್ಷ ಅಡುಗೆ ಮಾಡಿದ ಹೆಂಡತಿಗೆ ಒಲೆ ಹಚ್ಚುವುದು ಹೇಗೆಂದು ಹೇಳಿಕೊಟ್ಟಿದ್ದೇನೆ; ಬಸ್ಸಿನ ಬಾಗಿಲು ಹಾಕುವುದು ಹೇಗೆಂದು ಕಂಡಕ್ಟರಿಗೇ ಹೇಳಿ ಮೈಸೂರಿನವರೆಗೂ ಬೈಸಿಕೊಂಡಿದ್ದೇನೆ. "ನಿಮ್ಮ ಮಾತನ್ನ ಯಾರು ಕೇಳ್ತಾರೆ ಅಂತ ಹೀಗೆ ಗಂಟಲು ಹರ್ಕೋತೀರಿ?" ಎಂದು ಹೆಂಡತಿ ಹಂಗಿಸುತ್ತಾಳೆ. ಯಾರೂ ಕೇಳುವುದಿಲ್ಲ ಎನ್ನುವುದೇ ನನ್ನ ಪುಣ್ಯ ಎಂದು ಪಾಪ ಅವಳಿಗೆ ಗೊತ್ತಿಲ್ಲ. ಒಮ್ಮೆ ಕೇಳಿದರು.

ನಮ್ಮದು ಗುಂಡ್ಲುಪೇಟೆ ಕಡೆಯಿಂದ ಬಂದು ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ತರಕಾರಿ ಮಂಡಿ ಇಟ್ಟ ಮನೆತನ. ವ್ಯಾಪಾರ ನನ್ನ ಕೈಗೆ ಹತ್ತಲಿಲ್ಲ. ಕೊಳೆತ ಟೊಮೆಟೊ ಕೊಳ್ಳಬೇಡಿ ಎಂದು ಗಿರಾಕಿಗಳಿಗೇ ಬುದ್ಧಿ ಹೇಳುವವನನ್ನು ಯಾವ ಅಪ್ಪ ತಾನೇ ಅಂಗಡಿಯಲ್ಲಿ ಇಟ್ಟುಕೊಂಡಾನು? ಹಾಗಾಗಿ ಕುಡಿಯುವ ನೀರಿನ ಪೈಪು ಹೂಳುವ ಕಂಟ್ರಾಕ್ಟರರ ಹತ್ತಿರ, ಮೇಸ್ತ್ರಿಯೂ ಅಲ್ಲದ ಗುಮಾಸ್ತನೂ ಅಲ್ಲದ ಒಂದು ಕೆಲಸಕ್ಕೆ ಸೇರಿದೆ. ಕೆಲಸ ನಡೆಯುತ್ತಿದ್ದದ್ದು ಪೊನ್ಕುಳಿ ಕಡೆಯ ಕಾಡಂಚಿನ ಗದ್ದೆಬಯಲಿನಲ್ಲಿ. ಗುಂಡಿ ತೋಡಲು ಬರುತ್ತಿದ್ದವರು ಕಾಟುನಾಯ್ಕರು, ಗಡಿಯಾಚೆ ನಾವು ಜೇನುಕುರುಬರು ಅನ್ನುವ ಜನ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಎಂಜಿನಿಯರು ಮಲಯಾಳಿ. ಒಂದು ಬೆಳಿಗ್ಗೆ ಆತ ಒಂದು ಪುಸ್ತಕ, ಒಂದು ಸೀಟಿ, ನಾಲ್ಕು ಹಳದಿ ಟೊಪ್ಪಿಗೆ ನನ್ನ ಕೈಗಿಟ್ಟು, ಇವರ ಭಾಷೆ ನಿನಗೆ ಬರುತ್ತದಲ್ಲ, ಸುರಕ್ಷತೆಯ ತರಬೇತಿ ನೀನೇ ಕೊಡು, ಮೇಲಿನವರು ಕೇಳುತ್ತಿದ್ದಾರೆ ಎಂದ. ಇಪ್ಪತ್ತು ಜನಕ್ಕೆ ನಾಲ್ಕು ಟೊಪ್ಪಿಗೆ. ಅದರಲ್ಲಿ ಒಂದನ್ನು ನಾನು ಹಾಕಿಕೊಂಡೆ. ಮೇಷ್ಟರಿಗೆ ಬೇಡವೇ? ಗುಂಡಿಗೆ ಎಂದೂ ಇಳಿಯದ ತಲೆಗೆ ಅಲ್ಲಿ ಎಲ್ಲರಿಗಿಂತ ಹೆಚ್ಚು ರಕ್ಷಣೆಯಿತ್ತು.

ಆಳವಾದ ಗುಂಡಿಯ ಗೋಡೆಗಳಿಗೆ ಹಲಗೆ ಆನಿಸಬೇಕು ಎಂಬುದು ಪುಸ್ತಕದ ಮೊದಲ ಪಾಠ. ಹಲಗೆಗಳು ಬಂದೂ ಇದ್ದವು. ಅವುಗಳಲ್ಲಿ ತರಗತಿಗೆ ಬೆಂಚು ಮಾಡಿಸಿದೆವು. ಮಿಕ್ಕದ್ದಕ್ಕೆ ಬಣ್ಣ ಬಳಿದು, ಸುರಕ್ಷತೆಯೇ ಮೊದಲು ಎಂದು ಮಲಯಾಳದಲ್ಲಿ ಬರೆಸಿ ಫಲಕ ನೆಟ್ಟೆವು. ಕೂಲಿಯವರಲ್ಲಿ ಓದಬಲ್ಲವರು ಒಬ್ಬರೂ ಇರಲಿಲ್ಲ. ಬೊಮ್ಮ ಎಂಬವನೊಬ್ಬ ಎದ್ದು ನಿಂತ. ಚಿಕ್ಕಂದಿನಿಂದ ಕಾಡುಗೆಣಸು ಅಗೆದು ಬೆಳೆದವನು, ಚಿಟಿಕೆ ಮಣ್ಣು ಹಿಸುಕಿ ನೋಡಿ ಅದರ ಗುಣ ಹೇಳುತ್ತಿದ್ದ. "ಸಾರೇ, ಈ ಪಲಗೆ ಗುಂಡಿಗಲ್ವಾ ಬಂದದ್ದು? ವಯಲಿನ ಮಣ್ಣು ಸಾರೇ ಇದು, ಗದ್ದೆ ಮಣ್ಣು, ಕುಸಿದುಬಿಡ್ತದೆ, ನಂಬಂಗಿಲ್ಲ" ಅಂದ. "ಪಾಠದ ಮಧ್ಯೆ ಮಾತಾಡಬಾರದು" ಅಂದೆ. ಅವನು ನಾಚಿಕೊಂಡು ಕೂತ. ನನಗೆ ಎಷ್ಟು ಖುಷಿಯಾಯಿತು! ಅದಕ್ಕೆ ಮುಂಚೆ ನನ್ನೆದುರು ಹಾಗೆ ಬಾಯಿ ಮುಚ್ಚಿ ಕೂತವರನ್ನೇ ನಾನು ಕಂಡಿರಲಿಲ್ಲ.

ಎರಡನೆಯ ಪಾಠ ಸೀಟಿಯದು. ಅಪಾಯ ಕಂಡರೆ ನಾನು ಸೀಟಿ ಊದಬೇಕು, ಅವರು ಗುಂಡಿಯಿಂದ ಹತ್ತಿ ಫಲಕದ ಹತ್ತಿರ ಸಾಲಾಗಿ ನಿಲ್ಲಬೇಕು. ಊದಿದೆ. ಅಬ್ಬಬ್ಬಾ, ಕಣ್ಣು ಮಿಟುಕಿಸುವಷ್ಟರಲ್ಲಿ ಗುಂಡಿ ಖಾಲಿ! ಹಾಜರಿ ಪುಸ್ತಕ ಹಿಡಿದು ಫಲಕದ ಬಳಿ ಕಾದೆ. ಒಬ್ಬರೂ ಬರಲಿಲ್ಲ. ಇಪ್ಪತ್ತು ಮಂದಿಯೂ ಫಲಕ ದಾಟಿ, ರಸ್ತೆ ದಾಟಿ ಕಾಡಿನೊಳಗೆ ಹೋಗಿಬಿಟ್ಟಿದ್ದರು. ಎರಡು ದಿನ ಕೆಲಸ ನಿಂತಿತು. ಮೂರನೆಯ ದಿನ ಬೊಮ್ಮ ಮೆಲ್ಲಗೆ ಬಂದು, "ಸೀಟಿ ಅಂದ್ರೆ ಪೊಲೀಸಲ್ವಾ ಸಾರೇ? ಪೇಡಿಯಾಯ್ತು, ಓಡಿದ್ವಿ" ಅಂದ. ಪೇಡಿ ಅಂದರೆ ಹೆದರಿಕೆ. ಅದು ಭೂಮಿ ಬೇಕೆಂದು ಕಾಡಿನ ಜನ ಗುಡಿಸಲು ಹಾಕಿ ಕೂತಿದ್ದ ಕಾಲ. ಅವರು ವಾಸವಿದ್ದ ಹಾಡಿಗಳಿಗೆ ಪೊಲೀಸರು ಬರುತ್ತಿದ್ದರು, ನಾಲ್ಕು ಜನ ಒಟ್ಟಿಗೆ ಕೂತರೆ ನಕ್ಸಲರ ಸಭೆ ಎನ್ನುತ್ತಿದ್ದರು. ಇದೆಲ್ಲ ನನಗೂ ಗೊತ್ತಿತ್ತು. ಸೀಟಿ ಬಾಯಲ್ಲಿಟ್ಟುಕೊಳ್ಳುವಾಗ ಮಾತ್ರ ನೆನಪಾಗಿರಲಿಲ್ಲ.

ಅಂದೇ ಮಧ್ಯಾಹ್ನ, ಇವರು ಓಡಿದ ಸುದ್ದಿ ಕೇಳಿ, ಒಬ್ಬ ಪೊಲೀಸು ಅಧಿಕಾರಿ ಜೀಪಿನಲ್ಲಿ ಬಂದ. ನನ್ನ ಪುಸ್ತಕದ ರಟ್ಟು ಕೆಂಪಗಿತ್ತು, ಒಳಗೆ ಕೈ ಎತ್ತಿ ನಿಂತ ಕಾರ್ಮಿಕನ ಚಿತ್ರವಿತ್ತು. ಅದನ್ನು ಹಿಂದೆ ಮುಂದೆ ತಿರುಗಿಸಿ, ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳಿ ನನ್ನ ಅಂಗಿ ಬೆವರಿನಲ್ಲಿ ಒದ್ದೆಯಾಗುವಂತೆ ಮಾಡಿದ. ಹೋಗುವಾಗ, ಸೀಟಿ ಕೇಳಿ ಓಡುವವನು ತಪ್ಪು ಮಾಡಿದವನೇ, ಇನ್ನೊಮ್ಮೆ ಓಡಿದರೆ ನಿಲ್ಲಿಸುವ ವಿದ್ಯೆ ನಮಗೆ ಗೊತ್ತು ಎಂದು ಸೊಂಟದ ಪಿಸ್ತೂಲು ಸವರಿಕೊಂಡ. ನನಗೆ ನಿಜವಾಗಿಯೂ ದಿಗಿಲಾಯಿತು. ಇವರು ಓಡಿದರೆ ಸಾಯುತ್ತಾರೆ! ಮಾರನೆಯ ಬೆಳಿಗ್ಗೆಯೇ ಪಾಠ ತಿದ್ದಿದೆ. ಸೀಟಿ ಕೇಳಿದರೆ ಓಡಕೂಡದು. ಇದ್ದಲ್ಲೇ ಕೂರಬೇಕು, ಕೈ ತಲೆಯ ಮೇಲಿರಬೇಕು. ವಾರವಿಡೀ ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಅಭ್ಯಾಸ ಮಾಡಿಸಿದೆ. ಬೊಮ್ಮ ಕೈ ಎತ್ತಿ ಕೇಳಿದ, "ಗುಂಡಿ ಒಳಗಿದ್ರೂ ಕೂರೋದಾ ಸಾರೇ?"

"ಎಲ್ಲಿದ್ರೂ ಕಣಯ್ಯಾ! ಸೀಟಿ ಅಂದ್ರೆ ಕೂರೋದು, ಮುಗೀತು."

ಎಂಜಿನಿಯರು ಫೋಟೋ ತೆಗೆಸಿದ. ಅದರಲ್ಲಿ ಇಪ್ಪತ್ತು ಜನ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ, ನಾನು ಹಳದಿ ಟೊಪ್ಪಿಗೆಯಲ್ಲಿ ನಗುತ್ತಿದ್ದೇನೆ. ಸೀಟಿ ಯಾತಕ್ಕೆ ಬಂದಿತ್ತೆಂಬುದು ಅಷ್ಟರಲ್ಲಿ ನನಗೇ ಮರೆತುಹೋಗಿತ್ತು.

ಆಮೇಲೆ ಎರಡು ದಿನ ಮಳೆ ಹೊಡೆದು ಬಿಟ್ಟಿತು. ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಐದು ಜನ ಗುಂಡಿಯಲ್ಲಿದ್ದರು, ಆಳದ ತುದಿಯಲ್ಲಿ ಬೊಮ್ಮ. ಮೇಲೆ ನಿಂತಿದ್ದ ನನ್ನ ಕಾಲ ಬಳಿ ಮಣ್ಣಿನಲ್ಲಿ ಒಂದು ಬಿರುಕು ಕಂಡಿತು. ನೋಡುತ್ತಿದ್ದಂತೆ ಬೆರಳು ತೂರುವಷ್ಟು ಅಗಲವಾಯಿತು. ದೇವರು ಕೊಟ್ಟ ಬಾಯಿತ್ತು, ಮೇಲೆ ಬನ್ರೋ ಎಂದು ಕೂಗಬಹುದಿತ್ತು. ನಾನು ಪುಸ್ತಕದಲ್ಲಿ ಹೇಳಿದಂತೆ ಸೀಟಿ ಊದಿದೆ. ಐವರೂ ಹಾರೆ ಬಿಟ್ಟು ಕೂತರು, ಕೈ ತಲೆಯ ಮೇಲಿಟ್ಟರು. ಇನ್ನೂ ಜೋರಾಗಿ ಊದಿದೆ. ಇನ್ನೂ ಬಗ್ಗಿದರು. ಸೀಟಿ ಉಗಿದು "ಏಳ್ರೋ, ಹತ್ರೋ!" ಎಂದು ಅರಚಿದೆ. ಈಚೆ ತುದಿಯ ನಾಲ್ವರು ಹತ್ತಿದರು. ಬೊಮ್ಮ ಮುಖ ಎತ್ತಿ ನನ್ನನ್ನು ನೋಡಿದ, ಯಾವುದನ್ನು ಕೇಳಲಿ ಎಂಬಂತೆ. ಅಷ್ಟರಲ್ಲಿ ಗೋಡೆ ಬಿತ್ತು.

ಹಾರೆ ತಾಗೀತೆಂದು ಕೈಯಲ್ಲೇ ತೋಡಿದೆವು. ನನ್ನ ಉಗುರು ಕಿತ್ತು ಬಂದವು. ಸಿಕ್ಕಾಗ ಬೊಮ್ಮ ಕೂತೇ ಇದ್ದ, ಕೈ ತಲೆಯ ಮೇಲೇ ಇದ್ದವು. ನಾನು ಕೆಸರಿನಲ್ಲಿ ಕೂತು ದೊಡ್ಡದಾಗಿ ಅತ್ತೆ. ಆ ನಾಲ್ವರೇ ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು.

ವಿಚಾರಣೆ ನಡೆದದ್ದು ನಮ್ಮ ಬೆಂಚಿನ ಮೇಲೆ. ಕಾರ್ಮಿಕ ಇಲಾಖೆಯಿಂದ ಬಂದ ಅಧಿಕಾರಿ ಮಲಯಾಳದಲ್ಲಿ ಕೇಳಿದ, ನಾನು ಮಲಯಾಳದಲ್ಲೇ ಉತ್ತರ ಕೊಟ್ಟೆ. ತರಬೇತಿ ಕೊಟ್ಟಿದ್ದಿರಾ? ಕೊಟ್ಟಿದ್ದೆ. ಹಾಜರಿ ಪುಸ್ತಕದಲ್ಲಿರುವುದು ಅವನ ಹೆಬ್ಬೆಟ್ಟೇ? ಅವನದೇ. ಸೀಟಿ ಊದಿದಿರಾ? ಎರಡು ಸಲ. ಆದರೂ ಅವನು ಹತ್ತಲಿಲ್ಲವೇ? ಹತ್ತಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಗುಣ ನನಗೆ ಎಲ್ಲಿಂದ ಬಂತೋ ಕಾಣೆ, ಜೀವಮಾನದಲ್ಲಿ ಅದೊಂದೇ ದಿನ ಬಂದಿತ್ತು. ಸೂಚನೆಯನ್ನು ಪಾಲಿಸದೆ ಕಾರ್ಮಿಕ ತನ್ನ ಅಜಾಗರೂಕತೆಯಿಂದ ಸತ್ತ ಎಂದು ಬರೆದರು. ಕೆಳಗೆ ನಾನು ಸಹಿ ಹಾಕಿದೆ.

ಬೊಮ್ಮನ ಹೆಂಡತಿ ಮಾಸ್ತಿ ಫಲಕಕ್ಕೆ ಒರಗಿ ನಿಂತಿದ್ದಳು. ಜೀಪು ಹೋದ ಮೇಲೆ ಹತ್ತಿರ ಬಂದಳು.

"ಆ ಕಡಲಾಸಲ್ಲಿ, ಕಾಗದದಲ್ಲಿ, ಏನ್ ಬರ್ದ್ರು ಸಾರೇ? ಅವ ನೀವ್ ಹೇಳ್ದಂಗೇ ಮಾಡ್ದ ಅಂತ ಬರ್ದ್ರಾ?"

"ಹೂಂ" ಅಂದೆ.

"ಹಾಡೀಲೂ ದಿನಾ ಅದೇ ಸಾರೇ. ಬಾಯಲ್ಲೇ ಸೀಟಿ ಊದಿ ಮಕ್ಕಳನ್ನ ಕೂರಿಸ್ತಿದ್ದ. ನಮ್ಮ ಸಾರು ಕಲ್ಸಿದ್ದು, ಇದು ಗೊತ್ತಿದ್ರೆ ಯಾರೂ ಸಾಯಲ್ಲ ಅಂತಿದ್ದ." ಅವಳು ಎರಡೂ ಕೈ ಜೋಡಿಸಿದಳು. "ನಿಮ್ಮಿಂದ ಉಪಕಾರ ಆಯ್ತು."

"ಪರವಾಗಿಲ್ಲಮ್ಮ" ಅಂದೆ.