ಏಳನೇ ಕುಣಿಯ ಕಣ

ಗಾಲ್ಫ್ ಕ್ಲಬ್ಬಿನಲ್ಲಿ ನಾನು ಮಾಲಿ ಇದ್ದೆ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಬಯಲಲ್ಲಿ ಅಂಥದ್ದೊಂದು ಕ್ಲಬ್ ಇತ್ತು ಅಂದರೆ ಈಗಿನವರು ನಗುತ್ತಾರೆ. ಇತ್ತು. ಏನಾದರೊಂದು ಪಜೀತಿ ಅಲ್ಲಿ ಆಗುತ್ತಲೇ ಇತ್ತು. ನಂಬದಿದ್ದರೆ ಬಿಡ್ರಿ. ನಾನಂತೂ ಹೇಳುವವನೇ.

ಮೊದಲು ಒಂದು ಮಾತು. ಚೆಂಡು ಬೀಳಿಸುವ ಒಂಬತ್ತು ಕುಣಿಗಳಲ್ಲಿ ಏಳನೆಯದು ಇದ್ದದ್ದು ನಮ್ಮ ಕಣದಲ್ಲಿ. ಕಣ ನನ್ನ ಹೆಂಡತಿಯ ಅಪ್ಪನದು. ಕಣದ ದಂಡೆಗೇ ನಮ್ಮ ಗುಡಿಸಲು. ಗುಡಿಸಲು ಕೀಳ್ರಿ, ಆಟಕ್ಕೆ ಅಡ್ಡ ಅಂತ ಕ್ಲಬ್ಬಿನವರು ಹೇಳುತ್ತಲೇ ಇದ್ದರು. ಕೀಳಂಗಿಲ್ಲ ಅಂತ ಆಕೆ ಹೇಳುತ್ತಲೇ ಇದ್ದಳು. ಉಳಿದದ್ದೆಲ್ಲ ಇದರ ನಡುವೆ ನಡೆದದ್ದು.

ಹುಲ್ಲು

ಊರಿಗೆ ಎಸ್‌ಟಿಡಿ ಬೂತು ಬಂದ ಹೊಸದು. ವರ್ಗವಾಗಿ ಬಂದ ಒಬ್ಬ ಸಾಹೇಬರಿಗೆ ಈ ಆಟದ ಹುಚ್ಚು. ನಾಲ್ಕು ಮಂದಿ ಲಾರಿ ಮಾಲೀಕರು, ಒಬ್ಬ ಡಾಕ್ಟರು ಜತೆ ಸೇರಿದರು. ಕಲ್ಲು ಆರಿಸಿದೆವು, ಜಾಲಿ ಕಡಿದೆವು, ಕುಣಿ ತೋಡಿದೆವು. ಸುತ್ತ ಹುಲ್ಲು ಬಿತ್ತಿದೆವು. ಟ್ಯಾಂಕರಿನಲ್ಲಿ ನೀರು ಬಂತು. ಹುಲ್ಲು ಬೆರಳುದ್ದ ಬಂತು. ನಮ್ಮ ಎಮ್ಮೆ ಮೇಯ್ದುಬಿಟ್ಟಿತು.

ಸಾಹೇಬರು ಗುಡಿಸಲ ಮುಂದೆ ಬಂದು ನಿಂತರು.

"ಏನಮ್ಮ, ಎಮ್ಮೆ ಕಟ್ಟಿಹಾಕೋಕಾಗಲ್ವಾ?"

"ಹುಲ್ಲು ಬೆಳೆಸೋದು ತಿನ್ನಾಕಲ್ಲೇನ್ರಿ?"

"ಅಲ್ಲಮ್ಮ. ಚೆಂಡು ಉರುಳೋಕೆ."

ಆಕೆ ಎಮ್ಮೆಯ ಬೆನ್ನು ತಟ್ಟಿದಳು. "ಆ ಚೆಂಡು ಒಪ್ಪತ್ತಿಗೆ ಎಷ್ಟು ಹಾಲು ಕೊಡ್ತೈತ್ರಿ?"

ಹುಲ್ಲಿನ ಮಾತು ಅಲ್ಲಿಗೇ ಮುಗಿಯಿತು.

ಸಗಣಿ

ಹುಲ್ಲು ಹೋಯಿತು, ಮರಳು ಬಂತು. ಕುಣಿ ಸುತ್ತ ದುಂಡಗೆ ಮರಳು ಹಾಸಿ, ಹಾರದಿರಲಿ ಅಂತ ಲಾರಿಯ ಹಳೇ ಆಯಿಲ್ ಸುರಿದರು. ಆಷಾಢದ ಗಾಳಿ ಬೀಸಿತು. ಮರಳು, ಆಯಿಲ್ ಎರಡೂ ಸಾಹೇಬರ ಬಿಳಿ ಪ್ಯಾಂಟಿನ ಮೇಲೆ ಕುಂತವು.

"ಸುಮ್ಮನ ಕಣ ಮಾಡಬಾರದೇನ್ರಿ?" ಅಂದಳು ನನ್ನ ಹೆಂಡತಿ. ಅಂದವಳೇ ನನ್ನನ್ನು ಹಚ್ಚಿಕೊಂಡು ಮಾಡಿಯೂ ಬಿಟ್ಟಳು. ನೀರು ಹೊಡೆದು, ತುಳಿದು, ಕಲ್ಲಿನ ಗುಂಡು ಎಳೆದು, ಸಗಣಿ ಬಳಿದೆವು. ಒಂಬತ್ತೂ ಕುಣಿಗೆ ಒಂಬತ್ತು ಕಣ. ಚೆಂಡು ಎಣ್ಣೆ ಮೇಲೆ ಜಾರಿದಂಗೆ ಉರುಳಿತು. ಸಾಹೇಬರಿಗೆ ಖುಷಿಯೋ ಖುಷಿ.

ಆದರೆ ಏಳನೇ ಕಣದ ದಂಡೆಗೆ ಆಕೆ ಕಾವಲು ನಿಂತಳು. ಕಾಳು ಬೀಳುವ ಜಾಗಕ್ಕೆ ನಮ್ಮ ಕಡೆ ಯಾರೂ ಮೆಟ್ಟು ಹಾಕಿಕೊಂಡು ಹತ್ತುವುದಿಲ್ಲ.

"ಶೂ ಬಿಚ್ರಿ."

"ಇದು ಆಟದ ಶೂ ಕಣಮ್ಮ. ಕೆಳಗೆ ಮೊಳೆ ಇದೆ ನೋಡು, ನೆಲ ಹಿಡಿಯೋಕೆ."

"ನೆಲ ಎಲ್ಲಿಗೂ ಓಡಿಹೋಗಂಗಿಲ್ಲ. ಬಿಚ್ಚಿ ಬರ್ರಿ."

ಬಿಚ್ಚಿದರು. ಅವತ್ತಿನಿಂದ ಏಳನೇ ಕುಣಿ ಬಂದರೆ ಎಲ್ಲರದೂ ಬರಿಗಾಲು. ದಂಡೆಯಲ್ಲಿ ಶೂಗಳ ಸಾಲು. ಒಂದು ದಿನ ತೆಲಿಗಿ ಕಡೆಯ ಅಜ್ಜಿಯೊಬ್ಬಾಕೆ ಆ ಸಾಲು ನೋಡಿ, "ಯಾವ ದೇವರಪ್ಪಾ ಇದು?" ಅಂತ ಕೇಳಿದಳು. ನಾನು ಕುಣಿಯ ಬಾವುಟ ತೋರಿಸಿದೆ. ಕೈ ಮುಗಿದು ಹೋದಳು.

ಮೇಟಿ

ಸುಗ್ಗಿ ಕಾಲ. ಹೊಸಪೇಟೆ ಕಡೆಯಿಂದ ಆಟಗಾರರು ಬರುವವರಿದ್ದರು. ಹಿಂದಿನ ದಿನವೇ ಒಂಬತ್ತೂ ಕಣ ಹೊಸದಾಗಿ ಬಳಿದು, ನಡುವೆ ಬಾವುಟದ ಕೋಲು ನೆಟ್ಟು, ನಾನು ಬಳ್ಳಾರಿಗೆ ಸಂಬಂಧಿಕರ ಮದುವೆಗೆ ಹೋದೆ.

ತಿರುಗಿ ಬಂದಾಗ ಪಂದ್ಯದ ಟೈಮು. ಆರು ಕಣದಲ್ಲಿ ಜೋಳದ ತೆನೆ ರಾಶಿ. ಮೂರನೆಯದರಲ್ಲಿ ಎತ್ತು ಕಟ್ಟಿ, ತೆನೆ ತುಳಿಸುತ್ತ ಹಂತಿ ಹೊಡೆಯುತ್ತಿದ್ದರು. ಹೊಸಹಳ್ಳಿ ಕಡೆಯ ರೈತರು. ಅವರ ತಪ್ಪೇನು? ಬಳಿದ ನೆಲ, ದುಂಡಗೆ, ನಟ್ಟನಡುವೆ ಕಂಬ. ಕಣದ ನಡುವೆ ಎತ್ತು ಕಟ್ಟುವ ಮೇಟಿ ಇರುವುದೇ ಹಾಗೆ. ಸರ್ಕಾರದವರು ಬಡವರಿಗೆ ಕಣ ಮಾಡಿಕೊಟ್ಟಾರೆ ಅಂತ ಸುದ್ದಿ ಹಬ್ಬಿತ್ತು.

ಕ್ಲಬ್ಬಿನ ಕಾರ್ಯದರ್ಶಿ ಹರಪನಹಳ್ಳಿಯ ಲಾರಿ ಮಾಲೀಕ. ಕೂಗಾಡಿಕೊಂಡು ಹೋದ. ಮೂರನೇ ಕಣದ ಮುದುಕ ಸಮಾಧಾನವಾಗಿ ಎತ್ತು ನಿಲ್ಲಿಸಿದ.

"ಕಣ ಚಲೋ ಮಾಡೀರಿ ಸಾಹುಕಾರ್ರ. ಮೇಟಿ ಒಂದು ಕಸಬರಿಗಿ ಕಡ್ಡಿ ಹಂಗೈತಿ. ಮುಂದಿನ ಸುಗ್ಗಿಗೆ ದಪ್ಪಂದು ಹಾಕಸ್ರಿ."

ಹೊಸಪೇಟೆಯವರು ತಡವಾಗಿ ಬಿತ್ತಿದ ಹೊಲದ ಹಸಿ ತೆನೆ ಸುಟ್ಟುಕೊಂಡು ತಿಂದು ಹೋದರು. ಆಟಕ್ಕಿಂತ ಇದೇ ಚಲೋ ಇತ್ತು ಅಂದರಂತೆ.

ರೊಟ್ಟಿ

ಇದಾದ ಮೇಲೆ ಕಾರ್ಯದರ್ಶಿ ಗುಡಿಸಲು ಕೀಳಿಸುವ ಹಠಕ್ಕೆ ಬಿದ್ದ. ಕಣ, ಗುಡಿಸಲು, ಎಮ್ಮೆ, ಎಲ್ಲಕ್ಕೂ ಮೂಲ ನನ್ನ ಹೆಂಡತಿಯೇ ಅಂತ ಅವನ ತೀರ್ಮಾನ. ಅದು ಸುಳ್ಳೂ ಅಲ್ಲ.

ಒಂದು ಭಾನುವಾರ ಅವನೇ ಹೊಡೆದ ಚೆಂಡು ನಮ್ಮ ಬಾಗಿಲಿಂದ ಒಳಗೆ ಬಂತು. ಆಕೆ ರೊಟ್ಟಿ ಬಡಿಯುತ್ತಿದ್ದಳು. ಚೆಂಡು ಒಣ ಹಿಟ್ಟಿನ ಬುಟ್ಟಿಯಲ್ಲಿ ಕುಂತಿತು. ಅವನು ಬಗ್ಗಿ ಒಳಗೆ ಬಂದ. ಹಿಂದೆ ಸಾಹೇಬರು.

"ಎತ್ತಿಕೊಂಡು ಹೋಗ್ರಿ," ಅಂದಳು.

"ಎತ್ತಂಗಿಲ್ಲ," ಅಂದರು ಸಾಹೇಬರು, ನಮ್ಮ ಮಾತು ಕಲಿತಿದ್ದರು. "ಚೆಂಡು ಎಲ್ಲಿದೆಯೋ ಅಲ್ಲಿಂದಲೇ ಹೊಡೀಬೇಕು. ಅದು ಆಟದ ಕಾನೂನು."

ಕಾರ್ಯದರ್ಶಿ ಕೋಲು ಎತ್ತಿ ಹೊಡೆದ. ಚೆಂಡು ಅಲ್ಲೇ ಉಳಿಯಿತು. ಹಿಟ್ಟು ಮಾತ್ರ ಎದ್ದಿತು. ಹುಬ್ಬು, ಮೀಸೆ, ಬಾಯಿ ಎಲ್ಲ ಬಿಳಿ. ಕೆಮ್ಮುತ್ತ ನಿಂತವನಿಗೆ ಆಕೆ ತಂಬಿಗೆ ನೀರು ಕೊಟ್ಟಳು. ಕುಡಿಯುವ ತನಕ ಕಾದಳು. ಆಮೇಲೆ ಕೇಳಿದಳು.

"ಎಲ್ಲಿ ಐತೋ ಅಲ್ಲೇ ಇರಬೇಕು, ಎತ್ತಂಗಿಲ್ಲ. ಹೌದಲ್ರಿ?"

"ಹೌದು."

"ಆ ಕಾನೂನು ಚೆಂಡಿಗಷ್ಟೇ ಏನು? ನನ್ನ ಯಾಕ ಎತ್ತಾಕ ಹತ್ತೀರಿ?"

ಸಾಹೇಬರು ಹೊರಗೆ ಹೋಗಿ ನಕ್ಕರು. ಅವರಿರುವ ತನಕ ಗುಡಿಸಲಿನ ಸುದ್ದಿ ಯಾರೂ ಎತ್ತಲಿಲ್ಲ.

ಶೂ

ಸಾಹೇಬರಿಗೆ ವರ್ಗವಾಯಿತು. ಆಟ ನಿಂತಿತು. ಉಳಿದ ಎಂಟು ಕಣದ ಮೇಲೆ ಜಾಲಿ ಬೆಳೆಯಿತು. ಏಳನೆಯದನ್ನು ಆಕೆ ಬಳಿಯುವುದು ಬಿಡಲಿಲ್ಲ.

ಆಮೇಲೆ ಆಕೆ ಹೋದಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ಕಣದ ದಂಡೆಗೇ ಮಣ್ಣು ಮಾಡಿದೆ. ಬೇಡ ಅಂದವರಿದ್ದರು. ನಾನು ಕೇಳಲಿಲ್ಲ. ಅಮಾವಾಸೆಗೆ ಅಮಾವಾಸೆಗೆ ಕಣ ಈಗ ನಾನು ಬಳಿಯುತ್ತೇನೆ. ಆಕೆಯಷ್ಟು ನುಣುಪು ಬರುವುದಿಲ್ಲ.

ಬೇಸಿಗೆಯಲ್ಲಿ ಕಾರ್ಯದರ್ಶಿ ಜೀಪಿನಲ್ಲಿ ಬಂದ. ಅವನಿಗೂ ವಯಸ್ಸಾಗಿತ್ತು. ಕೈಯಲ್ಲಿ ಮೊಬೈಲು. ಜತೆಗೆ ಅಳತೆ ಟೇಪು ಹಿಡಿದ ಒಬ್ಬ. ಕ್ಲಬ್ಬಿನ ಜಾಗ ಸೈಟು ಮಾಡುತ್ತಾರಂತೆ. ಕಣವೂ ಅದರಲ್ಲಿ ಸೇರಿತಂತೆ. ನಾನು ಗುಡಿಸಲ ಬಾಗಿಲಲ್ಲಿ ಕುಂತೇ ಇದ್ದೆ. ಅವರು ಕಣದ ನಡುವೆ ಹೋಗಿ ನಿಂತರು.

"ನೋಡಜ್ಜಾ," ಅಂದ ಕಾರ್ಯದರ್ಶಿ. "ಹಠ ಮಾಡಾಕಿ ಆಕಿ. ಆಕೀನೇ ಹೋದಳು. ಇನ್ನ ನಿನಗೆ ಯಾಕ ಈ ಕಣ? ಗುಡಿಸಲು ಬಿಚ್ಚು."

ನಾನು ಅವನ ಕಾಲು ನೋಡಿದೆ. ಅವನೂ ಬಗ್ಗಿ ತನ್ನ ಕಾಲು ನೋಡಿಕೊಂಡ. ಬರಿಗಾಲು. ಶೂ ಕಣದ ದಂಡೆಯಲ್ಲಿ ಜೋಡಿಯಾಗಿ ಇತ್ತು. ಬಿಚ್ಚು ಅಂತ ಯಾರೂ ಹೇಳಿರಲಿಲ್ಲ.

"ಆಕಿ ಹೋಗಿದ್ರ," ಅಂದೆ, "ಯಾರಿಗೆ ಅಂಜಿ ಬಿಚ್ಚಿದಿ?"

ಟೇಪಿನವನು ಮೊದಲು ನಕ್ಕ. ಕಾರ್ಯದರ್ಶಿ ನಗಲಿಲ್ಲ. ಶೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲೇ ಜೀಪಿನ ಕಡೆ ಬಿರಬಿರನೆ ನಡೆದ. ಆ ದಾರಿ ತುಂಬ ನೆಗ್ಗಿಲಮುಳ್ಳು.

ನನಗೆ ಗೊತ್ತಿತ್ತು. ಹೇಳಲಿಲ್ಲ.