ನಿಂಬೆಹಣ್ಣು ಹತ್ತಿದ ಕಾರು

"ನಲವತ್ತು ವರ್ಷ ಮಲಗಿದ್ದ ಕಾರಾದ್ರ ಏನಾತು? ಎಬ್ಬಸ್ತೀನಿ! ಓಡಸ್ತೀನಿ! ನವಮಿ ದಿವಸ ಇದು ಓಡಲಿಲ್ಲಂದ್ರ ನನ್ನ ಹೆಸರು ರಘೋತ್ತಮನ ಅಲ್ಲ!"

ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡದಾದ ಕೆಂಪು ಆಟಿಕೆ ಕಾರೊಂದನ್ನು ಎತ್ತಿ ಹಿಡಿದು ರಘೋತ್ತಮ ಹೀಗೆ ಘೋಷಿಸಿದಾಗ ಹೆಂಡತಿ ಸುಹಾಸಿನಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹಂಗಾರ ಈಗ ಒಂದು ಬ್ಯಾರೆ ಹೆಸರು ನೋಡಿ ಇಟ್ಕೋರಿ. ಫ್ಯಾನ್ ರಿಪೇರಿ ಮಾಡೂ ಮುಂದೂ ಹಿಂಗ ಅಂದಿದ್ರಿ. ಅದೀಗ ನಮ್ಮನ್ನ ಬಿಟ್ಟು ಮಾಳಿಗಿಗೆ ಗಾಳಿ ಹಾಕ್ತದ."

"ಫ್ಯಾನ್ ಬ್ಯಾರೆ, ಕಾರ್ ಬ್ಯಾರೆ!"

"ಕೈ ಅವ ಅಲ್ಲೇನ್ರಿ?"

ಧಾರವಾಡದಿಂದ ಬಂದು ವಾಸ್ಕೋದ ಒಂದು ಆಫೀಸಿನಲ್ಲಿ ಫೈಲು ತಿರುವುತ್ತಿದ್ದ ರಘೋತ್ತಮನಿಗೆ ಸ್ಕ್ರೂಡ್ರೈವರ್ ಕಂಡರೆ ಸಾಕು, ಕೈ ತುರಿಸುತ್ತಿತ್ತು. ಆದರೆ ಈ ಸಲ ಇರುವ ಮನೆಯೇ ಪಣಕ್ಕೆ ಬಿದ್ದಿತ್ತು. 2009ರ ಗಣೇಶ ಚವತಿ ಮುಗಿದ ಮರುದಿನ ಕೆಳಗಿನ ಮನೆಯಿಂದ ಮಾಲಕಿ ಎಸ್ಪೆರಾನ್ಸಾಬಾಯಿ ಒಂದು ದೊಡ್ಡ ಬಿಸ್ಕಿಟ್ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಒಳಗೆ ಈ ಕಾರು, ಜೊತೆಗೆ ತುಂಡು ತುಂಡು ಹಳಿ.

"ನಮ್ಮ ಕ್ಯಾಪ್ಟನ್ ಹಡಗಿನ ಮೇಲಿದ್ದಾಗ ತಂದದ್ದು, ಬಾಬಾ. ರಿಟೈರ್ ಆದ ಮೇಲೆ ಆ ಮನುಷ್ಯ ನಕ್ಕಿದ್ದೇ ಇಲ್ಲ. ಇಡೀ ದಿನ ಕುರ್ಚಿಯಲ್ಲಿ ಕೂತು ಅದೇ ಪೇಪರನ್ನು ಮತ್ತೆ ಮತ್ತೆ ಓದುತ್ತಾರೆ, ಉಪ್ಪಿಲ್ಲ, ಹುಳಿಯಿಲ್ಲ ಎಂದು ನನ್ನ ಅಡುಗೆಗೆ ಹೆಸರಿಡುತ್ತಾರೆ. ನಿಮ್ಮ ನವಮಿಯ ಭಾನುವಾರವೇ ಅವರ ಎಪ್ಪತ್ತೈದನೇ ಹುಟ್ಟುಹಬ್ಬ. ಅವತ್ತು ಇದು ಓಡಬೇಕು. ಓಡಿದರೆ ಮನೆಯ ಮಾತು ಆಮೇಲೆ ನೋಡೋಣ."

ಮನೆಯ ಮಾತು! ಹನ್ನೊಂದು ತಿಂಗಳ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು. ಕುವೈತಿನಿಂದ ವಾಪಸ್ಸಾಗುವ ಅವರ ತಂಗಿಯ ಮಗ ಅದೇ ಮೇಲಂತಸ್ತಿನ ಮೇಲೆ ಕಣ್ಣಿಟ್ಟಿದ್ದ. ಗೋವಾಕ್ಕೆ ಬಂದಾಗಿನಿಂದ ಗಂಟು ಕಟ್ಟಿ ಗಂಟು ಬಿಚ್ಚಿ ಬೇಸತ್ತಿದ್ದ ಸುಹಾಸಿನಿಗೆ ದಾಬೋಲಿಮ್‌ನ ಈ ಮನೆಯೆಂದರೆ ಜೀವ. ಮೊದಲ ಸಲ ಕರಿಬೇವಿನ ಗಿಡವನ್ನು ಕುಂಡದಿಂದ ತೆಗೆದು ನೆಲದಲ್ಲಿ ಊರಿದ್ದಳು. ಅದು ಈಗ ಅವಳ ಎತ್ತರಕ್ಕೆ ಬಂದಿತ್ತು. ಅದನ್ನು ಬಿಟ್ಟು ಹೋಗುವ ಮಾತು ಬಂದರೆ ಅವಳ ಕಣ್ಣು ತುಂಬುತ್ತಿತ್ತು.

ಇದು ಸ್ಲಾಟ್ ಕಾರು. ಹಳಿಯ ನಡುವೆ ಒಂದು ಸೀಳು, ಸೀಳಿನ ಎರಡೂ ಬದಿಗೆ ಕರೆಂಟಿನ ಪಟ್ಟಿ. ಕಾರಿನ ಹೊಟ್ಟೆಯಡಿಯ ಗೂಟ ಆ ಸೀಳಿನಲ್ಲಿ ಕೂರಬೇಕು. ಕೈಯಲ್ಲಿರುವ ಗುಂಡಿ ಎಷ್ಟು ಒತ್ತುತ್ತೀರೋ ಅಷ್ಟು ಓಟ. ಕೇಳಲು ಇಷ್ಟೇ! ಆದರೆ ಈ ಕಾರಿನ ಮೋಟಾರು ಸುಟ್ಟು ಕೂತಿತ್ತು, ಟೈರು ಚಕ್ಕುಲಿಯ ಹಾಗೆ ಬಿರುಸಾಗಿತ್ತು.

ರಘೋತ್ತಮ ಇಬ್ಬರು ಮಹಾರಥಿಗಳನ್ನು ಕರೆದ. ಮೊದಲನೆಯವನು ಆಫೀಸಿನ ಕೇದಾರ, ಕಾರವಾರದವನು. ಹಳೆಯ ಆಟಿಕೆಗಳ ಹುಚ್ಚ. ಇಂಟರ್‌ನೆಟ್ಟಿನಲ್ಲಿ ಅಂಥದೇ ಹುಚ್ಚರ ಬಳಗವೊಂದರ ಸದಸ್ಯ. ಹಳೆಯ ವಸ್ತುವಿನ ಒಂದು ಗೀರೂ ಅಳಿಸಬಾರದು ಎಂಬುದು ಅವನ ಧರ್ಮ. ಎರಡನೆಯವನು ಝುವಾರಿನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ವಿಜಾಪುರದ ಗೂಡುಸಾಬ. ರಜೆಯ ದಿನ ಆಟಿಕೆ ದೋಣಿಗಳಿಗೆ ಮೋಟಾರು ಕೂಡಿಸಿ ಬಕೆಟ್ಟಿನಲ್ಲಿ ಬಿಡುವುದೇ ಅವನ ಶೋಕಿ. ಓಡುವ ವಸ್ತು ಇನ್ನೂ ಜೋರಾಗಿ ಓಡಬೇಕು ಎಂಬುದು ಅವನ ಧರ್ಮ. ಇವೆರಡು ಧರ್ಮಗಳ ನಡುವೆ ರಘೋತ್ತಮನ ಊಟದ ಮೇಜು ಕುರುಕ್ಷೇತ್ರವಾಯಿತು!

"ಅಯ್ಯೋ, ಒರೆಸಬೇಡಿ!" ಎಂದು ಕೇದಾರ ಚೀರಿದ. "ಅದು ಅರವತ್ತರ ದಶಕದ ಧೂಳು!"

"ಧೂಳು ಇದ್ರ ಗಾಡಿ ಹೆಂಗ ಓಡತೈತ್ರಿ?" ಎಂದ ಗೂಡುಸಾಬ.

"ಸ್ಕಾಟ್ಲೆಂಡಿನವರೊಬ್ಬರು ಬರೆದಿದ್ದಾರೆ, ಮೋಟಾರಿಗೆ ಹಳೇ ತಂತಿಯೇ ಇರಬೇಕಂತೆ."

"ಅವ್ರಿಗೆ ಹೇಳ್ರಿ, ಝುವಾರಿನಗರದಾಗ ಚಲೋ ತಂತಿ ಸಿಗತೈತಿ ಅಂತ."

ಸುಹಾಸಿನಿ ಇಬ್ಬರಿಗೂ ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು, ಕೊನೆಗೆ ಬೇಸತ್ತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲೇ ಊಟ ಮಾಡತೊಡಗಿದಳು. ರಘೋತ್ತಮ ರಾಜತಂತ್ರಜ್ಞನಂತೆ ಸಂಧಾನ ಮಾಡಿಸಿದ: ಹೊರಗಿನ ಮೈ ಕೇದಾರನ ಸುಪರ್ದಿಗೆ, ಒಳಗಿನ ಮೋಟಾರು ಗೂಡುಸಾಬನ ಸುಪರ್ದಿಗೆ! ಹೀಗೆ ಗೀರು ಬಿದ್ದ ಮುದಿ ಮೈಯೊಳಗೆ ಕೊಬ್ಬಿದ ಹೋರಿಯೊಂದು ಬಂದು ಕೂತಿತು.

"ಸಾಹೇಬ್ರ, ದಪ್ಪ ತಂತಿ ಸುತ್ತೇನಿ. ಇದರಾಗ ಈಗ ಚಟ್ನಿ ರುಬ್ಬಬೌದು," ಎಂದು ಗೂಡುಸಾಬ ಎದೆಯುಬ್ಬಿಸಿದ.

ನವಮಿ ಬಂತು. ಕೆಳಮನೆಯ ಹಾಲಿನಲ್ಲಿ ಉದ್ದನೆಯ ಮೇಜಿನ ಮೇಲೆ ಹಳಿ ಹಾಸಿದರು. ಆಚೆಯ ಮೇಜಿನ ಮೇಲೆ ಹುಟ್ಟುಹಬ್ಬದ ಅಡುಗೆ. ನಟ್ಟನಡುವೆ ಬಾಯಿ ತೆರೆದ ಒಂದು ದೊಡ್ಡ ಪಾತ್ರೆಯಲ್ಲಿ ಹಂದಿಮಾಂಸದ ಸೊರ್ಪೊತೆಲ್ ಘಮಗುಡುತ್ತಿತ್ತು. ಆಯುಧಗಳ ಖಂಡೇ ಪೂಜೆ ಮುಗಿಸಿ ರೇಷ್ಮೆ ಧೋತರದಲ್ಲೇ ಇಳಿದು ಬಂದಿದ್ದ ರಘೋತ್ತಮ ಆ ಕಡೆ ತಪ್ಪಿಯೂ ಮುಖ ಮಾಡಲಿಲ್ಲ. ಮೊಟ್ಟೆಯ ಪಕ್ಕದಲ್ಲಿಟ್ಟ ಟೊಮೆಟೊ ತಿನ್ನಲೂ ಅನುಮಾನಿಸುವ ವೈಷ್ಣವ ಅವನು! ಕ್ಯಾಪ್ಟನ್ ಕಾಸ್ಮೆ ಕುರ್ಚಿಯಲ್ಲಿ ಕೂತು ಪೇಪರಿನ ಮೇಲಿಂದ ಒಮ್ಮೆ ನೋಡಿ ಮತ್ತೆ ಪೇಪರಿನೊಳಗೆ ಹೋದರು.

ಗುಂಡಿ ಒತ್ತಬೇಕು, ಅಷ್ಟರಲ್ಲಿ ಸುಹಾಸಿನಿ ಅರಿಶಿನ ಕುಂಕುಮದ ತಾಟು ಹಿಡಿದು ಬಂದಳು.

"ನಿಂದರ್ರಿ! ನವಮಿ ದಿವಸ ಪೂಜಿ ಇಲ್ಲದ ಗಾಡಿ ಬಿಡ್ತಾರೇನು? ಗಾಲಿಗೆ ನಿಂಬಿಹಣ್ಣು ಇಡಬೇಕು."

"ಹಣ್ಣು ಗಾಲಿಕಿಂತ ಎಷ್ಟೋ ದೊಡ್ಡದದ!"

"ಅದಕ್ಕ ಹೆಚ್ಚಿ ತಂದೀನಿ. ಮುಂದಿನ ಎರಡೂ ಗಾಲಿಗೆ ಅರ್ಧರ್ಧ."

ಕೇದಾರ ಅಡ್ಡ ಬಂದ. "ಟೈರಿಗೆ ಹುಳಿ ತಾಗಬಾರದು, ಅತ್ತಿಗೆ! ಮೂಲ ರಬ್ಬರು!"

ಇಲ್ಲಿ ರಘೋತ್ತಮನ ರಾಜತಂತ್ರ ಮತ್ತೊಮ್ಮೆ ಜಾಗೃತವಾಯಿತು. ಎರಡೂ ಹೋಳುಗಳನ್ನು ಸೀಳಿನ ಆಚೆಗೊಂದು ಈಚೆಗೊಂದು, ಬೋರಲಾಗಿ, ಕಾರಿನಿಂದ ಒಂದು ಮೊಳ ಮುಂದಕ್ಕೆ ಇಟ್ಟ.

"ಪೂಜಿನೂ ಆತು, ರಬ್ಬರೂ ಉಳೀತು. ಸಾವಕಾಶ ಹೋಗಿ ಹಣ್ಣಿನ ಹತ್ತಿರ ನಿಂದರಸ್ತೀನಿ. ನೋಡ್ತಿರ್ರಿ!"

ನೋಡಿದರು. ಅವನು ಗುಂಡಿ ಮುಟ್ಟಿದ್ದೇ ತಡ, ಗೂಡುಸಾಬನ ಹೋರಿ ಗುಟುರು ಹಾಕಿತು! ಕಾರು ಸರ್ರನೆ ಹೋಗಿ ಎರಡು ಹೋಳುಗಳನ್ನು ಏರಿತು, ಗೂಟ ಸೀಳಿನಿಂದ ಕಿತ್ತು ಬಂತು, ಮೈಮೇಲಿನ ಕುಂಕುಮ ಗಾಳಿಯಲ್ಲಿ ಹಾರಿತು. ದಾಬೋಲಿಮ್‌ನಿಂದ ದಿನವೂ ಎಷ್ಟೋ ವಿಮಾನ ಏರುತ್ತವೆ. ಇಷ್ಟು ಸಲೀಸಾಗಿ ಯಾವುದೂ ಏರಿರಲಿಕ್ಕಿಲ್ಲ. ಕ್ಯಾಪ್ಟನ್ನರ ಪೇಪರಿನ ಮೇಲಿಂದ ಹಾದು, ಕೇಕು ದಾಟಿ, ನೇರವಾಗಿ ಸೊರ್ಪೊತೆಲ್ಲಿನ ನಡುಮಧ್ಯಕ್ಕೆ ಬಂದಿಳಿಯಿತು. ಗುಳುಂ!

"ಸಾಯ್ಬಾ!" ಎಂದು ಎಸ್ಪೆರಾನ್ಸಾಬಾಯಿ ದೇವರನ್ನು ಕೂಗಿದರು.

"ನನ್ನ ಮೋಟಾರು!" ಎಂದ ಗೂಡುಸಾಬ.

"ಅರವತ್ತರ ಧೂಳು!" ಎಂದ ಕೇದಾರ.

ರಘೋತ್ತಮನಿಗೆ ಕಂಡದ್ದು ಒಂದೇ: ಗಂಟು ಕಟ್ಟುತ್ತಾ ಕರಿಬೇವಿನ ಗಿಡದ ಕಡೆ ತಿರುಗಿ ತಿರುಗಿ ನೋಡುವ ಸುಹಾಸಿನಿ. ಸೌಟು ಹುಡುಕಲು ಪುರುಸೊತ್ತಿಲ್ಲ. ಹಿಂದಿನ ಏಳು ತಲೆಮಾರಿನ ಕ್ಷಮೆ ಕೇಳಿ, ಕಣ್ಣು ಮುಚ್ಚಿ, ರೇಷ್ಮೆ ಧೋತರದ ಆ ವೈಷ್ಣವ ಮೊಣಕೈಯವರೆಗೆ ಸೊರ್ಪೊತೆಲ್ಲಿನೊಳಗೆ ಕೈ ಇಳಿಸಿದ!

"ಸಿಗ್ತೇನ್ರಿ?" ಎಂದಳು ಸುಹಾಸಿನಿ, ಸೆರಗಿನಿಂದ ಮೂಗು ಮುಚ್ಚಿ.

"ಏನೋ ಸಿಕ್ಕದ. ಆದ್ರ ಮೆತ್ತಗದ!"

"ಅದನ್ನ ಬಿಡ್ರಿ, ಅದನ್ನ ಬಿಡ್ರಿ! ಬಿರುಸಿದ್ದದ್ದು ಹಿಡೀರಿ!"

ಆಗ ಪೇಪರು ನೆಲಕ್ಕೆ ಬಿತ್ತು. ಕ್ಯಾಪ್ಟನ್ ಕಾಸ್ಮೆ ನಗುತ್ತಿದ್ದರು! ಮೊದಲು ಭುಜ, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ ಕುಲುಕಿತು. ಕಣ್ಣೀರು ಒರೆಸಿಕೊಂಡು, ಸಾರು ಸುರಿಯುತ್ತಿದ್ದ ಕಾರನ್ನು ರಘೋತ್ತಮನ ಕೈಯಿಂದ ಇಸಿದುಕೊಂಡು ತಮ್ಮ ಶರ್ಟಿಗೇ ಒರೆಸಿ ಹಳಿಯ ಮೇಲಿಟ್ಟರು. ಕಾರು ಮಸಾಲೆಯ ವಾಸನೆ ಬಿಡುತ್ತ ಸುತ್ತು ಹೊಡೆಯಿತು. ಎಸ್ಪೆರಾನ್ಸಾಬಾಯಿ ಗಂಡನ ಮುಖವನ್ನೇ ನೋಡುತ್ತ ಅತ್ತುಬಿಟ್ಟರು.

"ಈ ಮೇಜು ಸಾಲದು," ಎಂದು ಕ್ಯಾಪ್ಟನ್ ಗುಡುಗಿದರು. "ದೊಡ್ಡ ಹಳಿ ಹಾಕಬೇಕು. ಮೇಲಿನ ಮನೆಯ ಹಾಲು ಬೇಕು! ಡಿಸೆಂಬರಿಗೆ ಖಾಲಿ ಮಾಡಿಸು!"

ರಘೋತ್ತಮ ಸಾರಿನ ಕೈಯನ್ನು ರೇಷ್ಮೆ ಧೋತರಕ್ಕೇ ಒರೆಸಿಕೊಂಡ. ಕಾರು ಓಡದಿದ್ದರೆ ಮನೆ ಹೋಗುವುದಿತ್ತು. ಈಗ ಓಡಿದ್ದಕ್ಕೇ ಹೋಗುತ್ತಿದೆ! ಸುಹಾಸಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬಾಯಿ, ಮನಿ ನಮಗ ಇರ್ಲಿ, ಹಾಲು ಸಂಜಿ ಮುಂದ ಕ್ಯಾಪ್ಟನ್ ಸಾಹೇಬ್ರಿಗೆ. ಸಂಜಿಯೆಲ್ಲಾ ಅವ್ರು ಮ್ಯಾಲೆ ಆಡ್ಲಿ, ನೀವು ಕೆಳಗ ಆರಾಮ ಇರ್ರಿ."

ಸಂಜೆಯೆಲ್ಲ ಅಡುಗೆಗೆ ಹೆಸರಿಡುವ ಗಂಡನಿಲ್ಲದ ಮನೆ! ಎಸ್ಪೆರಾನ್ಸಾಬಾಯಿ ಕಣ್ಣೀರು ಒರೆಸಿಕೊಂಡು ಅಲ್ಲೇ ತಲೆಯಾಡಿಸಿದರು. ತಂಗಿಯ ಮಗನಿಗೆ ಬೇರೆ ಮನೆ ನೋಡಿಕೊಳ್ಳಲು ಫೋನೂ ಹೋಯಿತು.

ಈಗ ಆ ಹಾಲಿನ ತುಂಬ ಹಾವಿನಂತೆ ಹಳಿ ಹರಿದಿದೆ. ಕೇದಾರನ ಬಳಗದಿಂದ ಇನ್ನಷ್ಟು ಕಾರುಗಳೂ ಬಂದಿವೆ. ಸಂಜೆಯಾದರೆ ಕ್ಯಾಪ್ಟನ್, ಕೇದಾರ, ಗೂಡುಸಾಬ ಹಾಜರು. ಸುಮ್ಮನೆ ಒಮ್ಮೆ ಗುಂಡಿ ಒತ್ತಿ ನೋಡಿದ ಸುಹಾಸಿನಿ ಮೂವರನ್ನೂ ಸೋಲಿಸಿದಳು. ಮರುದಿನ ಮತ್ತೆ ಸೋಲಿಸಿದಳು. ರಘೋತ್ತಮನಿಗೆ ಮಾತ್ರ ಗುಂಡಿ ಕೊಡಕೂಡದೆಂದು ಸರ್ವಾನುಮತದ ತೀರ್ಮಾನವಾಯಿತು. ತಿರುವಿನಲ್ಲಿ ಜಾರಿ ಬಿದ್ದ ಕಾರುಗಳನ್ನು ಎತ್ತಿ ಹಳಿಗೆ ಕೂಡಿಸಲು ಯಾವ ಪಂದ್ಯದಲ್ಲೂ ಒಬ್ಬ ಬೇಕಾಗುತ್ತಾನೆ. ಆ ಮಹಾಪದವಿ ಅವನಿಗೆ ಸಿಕ್ಕಿತು. ಮಂಡಿಯೂರಿ, ಕತ್ತು ಉದ್ದ ಮಾಡಿ ಸೋಫಾದ ಪಕ್ಕದಲ್ಲಿ ಕೂತಿರುತ್ತಾನೆ.

ಮೊನ್ನೆ ಸುಹಾಸಿನಿಯ ಕಾರು ಪಲ್ಟಿ ಹೊಡೆದು ನೇರ ಅವನ ಮುಂದೆಯೇ ಬಿತ್ತು. ಕೊನೆಯ ಸುತ್ತು! ಮಾನ ಉಳಿಸಿಕೊಳ್ಳುವ ಗಳಿಗೆ! ಅವನು ಎರಡೂ ಕೈ ಚಾಚಿದ.

"ಏ ಏ ಏ, ಮುಟ್ಟಬ್ಯಾಡ್ರಿ!" ಎಂದು ಸುಹಾಸಿನಿ ಕಿರುಚಿದಳು. "ಅದನ್ನ ನಾನಽ ಎತ್ಕೊಳ್ತೀನಿ. ನೀವು ಒಳಗ ಹೋಗಿ ಹಾಲು ಉಕ್ಕಾಕತ್ತಾವೇನು ನೋಡ್ರಿ. ಬರೇ ನೋಡ್ರಿ, ಮತ್ತ!"