ಅಣ್ಣಮ್ಮನ ವಠಾರದ ಇಪ್ಪತ್ತು ಟ್ಯೂಬು

ಇಪ್ಪತ್ತಕ್ಕೆ ಇಪ್ಪತ್ತೂ ಪಾಸಿಟಿವ್! ಹಲಸೂರಿನ ಲ್ಯಾಬಿನಲ್ಲಿ ಬೆಳಗ್ಗೆ ಕಂಪ್ಯೂಟರ್ ನೋಡಿದ ಟೆಕ್ನಿಷಿಯನ್ ಕಾವೇರಿ ಪಟ್ಟಿಯನ್ನು ಮತ್ತೆ ಮೇಲಿಂದ ಓದಿದಳು. ಗರ್ಭಕಂಠದ ಕ್ಯಾನ್ಸರಿಗೆ ದಾರಿ ಮಾಡುವ ಎಚ್‌ಪಿವಿ ವೈರಸ್ಸು ಇಪ್ಪತ್ತು ಜನರಲ್ಲಿ ಒಬ್ಬಿಬ್ಬರಿಗೆ ಸಿಕ್ಕರೆ ಹೆಚ್ಚು. ತಾವೇ ಸ್ಯಾಂಪಲ್ ತೆಗೆದುಕೊಳ್ಳಲೆಂದು ಬ್ರಷ್ಷು, ಟ್ಯೂಬು ಕೊಟ್ಟಿದ್ದ ರಾಮಮೂರ್ತಿ ನಗರದ ಒಂದೇ ವಠಾರದ ಅಷ್ಟೂ ಹೆಂಗಸರಿಗೆ, ಅದೂ ಒಂದೇ ಬಗೆಯದು, ಒಂದೇ ಪ್ರಮಾಣದಲ್ಲಿ ಎಂದರೆ ದೇವರೇ ಗತಿ.

"ನೀನೇ ಒಂದು ಟ್ಯೂಬಿಂದ ಇನ್ನೊಂದಕ್ಕೆ ಚೆಲ್ಲಿದೀಯ," ಎಂದು ಗುಡುಗಿದರು ಮೇಲಧಿಕಾರಿ ಡಾಕ್ಟರ್ ಸಂಜೀವಪ್ಪ.

"ನನ್ನಾಣೆ ಇಲ್ಲ ಸಾರ್!"

"ಹೊಸ ಸ್ಯಾಂಪಲ್ ತಗೊಂಡ್ ಬಾ. ತಪ್ಪು ನಿಂದೇ ಅಂತಾದ್ರೆ ನಾಳೆಯಿಂದ ಬರ್ಬೇಡ."

ಕಾವೇರಿ ಆಟೊ ಹತ್ತಿ ವಠಾರಕ್ಕೆ ಓಡಿದಳು. ವಠಾರದ ಒಡತಿ ಅಣ್ಣಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ವಿಷಯ ಕೇಳಿ ಹೆಮ್ಮೆಯಿಂದ ನಕ್ಕರು.

"ಅವೆಲ್ಲಾ ನಂದೇ ಕಣವ್ವ! ಈ ಹೆಣ್ಮಕ್ಳು ಬ್ರಷ್ ನೋಡಿದ್ದೇ ನಾಚ್ಕೊಂಡು ಬಾಗ್ಲು ಹಾಕ್ಕೊಂಡ್ರು. ಎಲ್ಲಾರ್ ಮನೆ ಗ್ಯಾಸ್ ಬುಕ್ ಮಾಡೋದು ನಾನು, ರೇಷನ್ ಕ್ಯೂ ನಿಲ್ಲೋದು ನಾನು. ಇದನ್ನೂ ಕೊಟ್ಬಿಟ್ಟೆ. ಇಪ್ಪತ್ತು ಬ್ರಷ್ಷು, ಸಾಕಾಗೋಯ್ತು!"

ಕಾವೇರಿ ಅಳುತ್ತ ಅವರ ಪಕ್ಕ ಕೂತಳು. "ಅಯ್ಯೋ, ಹಾಗಾದ್ರೆ ವೈರಸ್ ಇರೋದು ನಿಮಗೇ! ಕ್ಯಾನ್ಸರ್ ಅಂತಲ್ಲ, ಆದ್ರೆ ಡಾಕ್ಟರಿಗೆ ತೋರಿಸ್ಲೇಬೇಕು."

"ನಾಳೇನೇ ತೋರಿಸ್ತೀನಿ ಬಿಡು. ನೀನ್ಯಾಕೆ ಅಳ್ತೀಯ?"

"ಎಲ್ಲಾ ಪಾಸಿಟಿವ್ ಬಂದಿದ್ದಕ್ಕೆ ನನ್ನ ಕೆಲ್ಸ ಹೋಗ್ತಿದೆ ಅಣ್ಣಮ್ಮ. ಈ ಸಲ ಅವರವರದ್ದು ಅವರವರೇ ಕೊಡ್ಲಿ."

"ಕಣ್ಣೊರೆಸ್ಕೊ. ನಿನ್ನ ಕೆಲ್ಸ ಉಳಿಸೋದು ನನ್ನ ಜವಾಬ್ದಾರಿ," ಎಂದ ಅಣ್ಣಮ್ಮ, ಬಾಡಿಗೆಗಿದ್ದ ಟೈಲರ್ ಮಹೀನ್‌ಳನ್ನು ಕೂಗಿ ಒಳಗೆ ಕರೆದೊಯ್ದರು. ವಠಾರದಲ್ಲಿ ಅಣ್ಣಮ್ಮನನ್ನು ಬಿಟ್ಟರೆ ನಾಚಿಕೆಯಿಲ್ಲದೆ ಮಾತಾಡುವವಳು ಅವಳೊಬ್ಬಳೇ.

ಕಾವೇರಿ ಅಷ್ಟರಲ್ಲಿ ಸಂಜೀವಪ್ಪನವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು.

"ಕತೆ ಕಟ್ಬೇಡ. ಅಣ್ಣಮ್ಮಂದು ಒಂದಾದ್ರೂ ಪಾಸಿಟಿವ್ ಬಂದ್ರೆ ನಂಬ್ತೀನಿ," ಎಂದರು ಅವರು.

ಗಂಟೆಯೊಳಗೆ ಇಪ್ಪತ್ತು ಟ್ಯೂಬು ಕೈಸೇರಿದವು. ಕಾವೇರಿ ಅವನ್ನು ಮಗುವಿನಂತೆ ಅವಚಿಕೊಂಡು ಲ್ಯಾಬಿಗೆ ಬಂದಳು. ಒಂದು ಹನಿಯೂ ಅತ್ತಿತ್ತಾಗದಂತೆ ಉಸಿರು ಬಿಗಿಹಿಡಿದು ಪರೀಕ್ಷೆ ಮಾಡಿದಳು.

ಸಂಜೆ ಫಲಿತಾಂಶ ಬಂತು. ಇಪ್ಪತ್ತಕ್ಕೆ ಇಪ್ಪತ್ತೂ ನೆಗೆಟಿವ್!

"ಈಗೇನಂತೀಯ? ಎಲ್ಲಾ ಕ್ಲೀನು, ನಿನ್ನ ಅಣ್ಣಮ್ಮಂದೂ ಸೇರಿ. ಬೆಳಗ್ಗೆ ಚೆಲ್ಲಿದ್ದು ನೀನೇ," ಎಂದು ಸಂಜೀವಪ್ಪ ಕೆಲಸದಿಂದ ತೆಗೆದ ಪತ್ರದ ಕವರನ್ನು ಮೇಜಿನ ಮೇಲಿಟ್ಟು ಹೊರಟರು.

ಕಾವೇರಿ ಅಣ್ಣಮ್ಮನಿಗೆ ಫೋನ್ ಮಾಡಿದಳು.

"ನೆಗೆಟಿವ್ ಬಂತಾ? ಬರ್ಲೇಬೇಕು!" ಅಣ್ಣಮ್ಮನಿಗೆ ಖುಷಿಯೋ ಖುಷಿ. "ನಂದು ಕೊಟ್ಟು ನಿನ್ನ ಹೊಟ್ಟೆಪಾಡಿಗೆ ಕಲ್ಲು ಹಾಕ್ತೀನಾ? ಈ ಸಲ ಇಪ್ಪತ್ತೂ ಮಹೀನ್ ಕೈಲೇ ಕೊಡ್ಸ್ದೆ. ಪಾಪ, ಸುಸ್ತಾಗಿ ಮಲಗಿದಾಳೆ. ಕೆಲ್ಸ ಉಳೀತಲ್ಲ ಮಗಳೇ?"